ಕಿರ್ಕೆಗಾರ್ಡ್ ಎಲ್ಲಿ ತಮಾಷೆ ಮಾಡುತ್ತಿದ್ದಾನೆ, ಎಲ್ಲಿ ಇಲ್ಲ?

ಅರೆಓದುಗ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ 19ನೆಯ ಶತಮಾನದ ಡ್ಯಾನಿಷ್ ಲೇಖಕ ಕಿರ್ಕೆಗಾರ್ಡ್‌ನ ‘ಭಯ ಮತ್ತು ನಡುಕ’ವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಓದುತ್ತಿದ್ದೇನೆ ಎನ್ನುವುದಕ್ಕಿಂತ ಹೊಸ್ತಿಲಲ್ಲೇ ನಿಂತಿದ್ದೇನೆ ಎನ್ನಬೇಕು. ದೇವರ ಆಜ್ಞೆಯಂತೆ ಮಗನನ್ನು ಬಲಿಕೊಡಲು ಬೆಟ್ಟ ಹತ್ತಿದ ಬೈಬಲಿನ ಅಬ್ರಹಾಮನ ವಿಷಯ ಎಂದು ಕೇಳಿ, ಮನಸ್ಸು ಗಟ್ಟಿ ಮಾಡಿಕೊಂಡು ಕುಳಿತೆ. ಮೊದಲ ವಾಕ್ಯದಲ್ಲೇ ಸಿಕ್ಕಿದ್ದು ರಿಯಾಯಿತಿ ಮಾರಾಟ! ವ್ಯಾಪಾರದಲ್ಲಷ್ಟೇ ಅಲ್ಲ, ವಿಚಾರಗಳ ಲೋಕದಲ್ಲೂ ಈಗ ದಾಸ್ತಾನು ಖಾಲಿ ಮಾಡುವ ಮಾರಾಟ ನಡೆದಿದೆಯಂತೆ. ಎಲ್ಲವೂ ಎಷ್ಟು ಅಗ್ಗವಾಗಿದೆ ಎಂದರೆ, ಕೊನೆಗೆ ಹರಾಜು ಕೂಗಲು ಯಾರಾದರೂ ಉಳಿದಿರುತ್ತಾರೋ ಇಲ್ಲವೋ ಎಂದು ಅವನಿಗೆ ಅನುಮಾನ.

ಮುನ್ನುಡಿಯ ಕೊನೆ ಇನ್ನೂ ವಿಚಿತ್ರ. ತಾನು ತತ್ತ್ವಜ್ಞಾನಿಯೇ ಅಲ್ಲ, ‘ಸಿಸ್ಟಮ್’ ಎಂಬುದೊಂದು ಇದೆಯೋ, ಇದ್ದರೆ ಅದು ಪೂರ್ತಿಯಾಗಿದೆಯೋ ತನಗೆ ಗೊತ್ತಿಲ್ಲ ಎನ್ನುತ್ತಾನೆ. ಆಮೇಲೆ ಆ ಸಿಸ್ಟಮ್‌ಗೂ, ಅದೆಂಬ ಕುದುರೆ ಬಸ್ಸಿನಲ್ಲಿ ಷೇರು ಹಾಕಿರುವ ಡೆನ್ಮಾರ್ಕಿನ ಮಹನೀಯರಿಗೂ ಒಳ್ಳೆಯದಾಗಲಿ ಎಂದು ಹರಸಿ, ಅದು ಗೋಪುರವಾಗುವುದಂತೂ ಕಷ್ಟ ಎಂದು ಸೇರಿಸುತ್ತಾನೆ. ಅಬ್ರಹಾಮನ ಕಥೆಯ ಮುಂದೆ ಬಸ್ಸಿನ ಷೇರು ಏಕೆ?

ನನ್ನ ಪ್ರಶ್ನೆ ಎರಡು. ಈತ ಯಾರನ್ನು ಗೇಲಿ ಮಾಡುತ್ತಿದ್ದಾನೆ? ಗೇಲಿ ಎಲ್ಲಿ ನಿಂತು ನಿಜವಾದ ಮಾತು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದು ಹೇಗೆ? ಮುಖಪುಟದಲ್ಲಿ ಲೇಖಕನ ಹೆಸರೂ ಅವನದಲ್ಲ. ‘ಯೋಹಾನೆಸ್ ಡೆ ಸಿಲೆಂಟಿಯೋ’ ಎಂದಿದೆ, ಅಂದರೆ ‘ಮೌನದ ಯೋಹಾನ’. ಮೌನದವನೆಂದು ಹೇಳಿಕೊಂಡು ಇಡೀ ಪುಸ್ತಕ ಮಾತನಾಡಿದ್ದಾನೆ.

ಉತ್ತರಗಾಳಿ

ಒಂಬತ್ತು ವರ್ಷದಿಂದ ಕೋಪನ್‌ಹೇಗನ್‌ನಲ್ಲಿದ್ದೇನೆ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಉಳಿದದ್ದು ಊರಿನಿಂದ ಅಂಟಿಕೊಂಡದ್ದು. ಮೊದಲು ಹೆಸರಿನ ಬಗ್ಗೆ ಒಂದು ಮಾತು. ಇಲ್ಲಿ ಯಾರೂ ‘ಗಾರ್ಡ್’ ಎನ್ನುವುದಿಲ್ಲ. ಹಳೆಯ ಡ್ಯಾನಿಷ್ ಕಾಗುಣಿತದ ಜೋಡಿ ‘ಎ’ ಬಾಯಿಯಲ್ಲಿ ‘ಓ’ ಆಗುತ್ತದೆ, ಕೊನೆಯ ‘ಡ್’ ಗಂಟಲಲ್ಲೇ ಉಳಿಯುತ್ತದೆ. ‘ಕಿಯರ್ಕೆಗೋರ್’ ಎಂದರೆ ಹತ್ತಿರ ಬಂದಂತೆ. ಅರ್ಥ ಚರ್ಚಿನ ಅಂಗಳ, ಅಂದರೆ ಸ್ಮಶಾನ. ಕನ್ನಡದಲ್ಲಿ ಕಿರ್ಕೆಗಾರ್ಡ್ ಎಂದೇ ರೂಢಿಯಾಗಿದೆ, ನಾನೂ ಹಾಗೆಯೇ ಬರೆಯುತ್ತೇನೆ.

ಗೇಲಿಯ ಗುರಿ ಯಾರು ಎಂದರೆ, ಮುಖ್ಯವಾಗಿ ಇದೇ ಊರಿನವರು. 1840ರ ಸುಮಾರಿಗೆ ಕೋಪನ್‌ಹೇಗನ್ ಕೋಟೆಯೊಳಗಿನ 1.2 ಲಕ್ಷ ಜನರ ಊರು. ಬರೆಯುವವರೆಲ್ಲ ಒಬ್ಬರನ್ನೊಬ್ಬರು ದಿನವೂ ಬೀದಿಯಲ್ಲಿ ಕಾಣುತ್ತಿದ್ದರು. ಜರ್ಮನ್ ತತ್ತ್ವಜ್ಞಾನಿ ಹೆಗೆಲ್ 1831ರಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡಿದ್ದ. ಆತನ ತತ್ತ್ವದ ಧ್ವಜ ಇಲ್ಲಿ ಇಬ್ಬರ ಕೈಯಲ್ಲಿತ್ತು. ಒಬ್ಬ ಯೋಹಾನ್ ಲುಡ್ವಿಗ್ ಹೈಬರ್ಗ್, ಹಾಡು ಬೆರೆತ ಪ್ರಹಸನಗಳಿಂದ ರಂಗಭೂಮಿ ಗೆದ್ದ ನಾಟಕಕಾರ, ಊರಿನ ಅಭಿರುಚಿಯ ನ್ಯಾಯಾಧೀಶ. ಇನ್ನೊಬ್ಬ ಹಾನ್ಸ್ ಲಾಸೆನ್ ಮಾರ್ಟೆನ್ಸೆನ್, ವಿಶ್ವವಿದ್ಯಾಲಯದ ದೇವತಾಶಾಸ್ತ್ರಜ್ಞ, ಮುಂದೆ ಬಿಷಪ್ ಆದವನು. ಇವರ ಪ್ರಭಾವದಲ್ಲಿ ‘ಸಿಸ್ಟಮ್’ ಎಂಬುದು ಸಭ್ಯರ ಮನೆಮಾತಾಯಿತು. ಜಗತ್ತು, ಇತಿಹಾಸ, ದೇವರು ಎಲ್ಲಕ್ಕೂ ಅದರಲ್ಲಿ ಒಂದೊಂದು ಕಪಾಟು. ಕೆಲವರಂತೂ ‘ಹೆಗೆಲ್‌ನನ್ನೂ ದಾಟಿ ಮುಂದೆ ಹೋಗಿದ್ದೇವೆ’ ಎನ್ನುತ್ತಿದ್ದರು.

1846ರಲ್ಲಿ ಬಂದ ಕಿರ್ಕೆಗಾರ್ಡ್‌ನ ‘ಹಿನ್ನುಡಿ’ ಎಂಬ ಪುಸ್ತಕದಲ್ಲಿ ಇದಕ್ಕೊಂದು ಚಿತ್ರವಿದೆ, ನನ್ನ ಮಾತಿನಲ್ಲಿ ಹೇಳುತ್ತೇನೆ. ನಾನೂ ಎಲ್ಲರಂತೆ ಸಿಸ್ಟಮ್‌ನ ಮುಂದೆ ಅಡ್ಡಬೀಳಲು ಸಿದ್ಧನಿದ್ದೆ. ಪ್ಯಾಂಟು ಮಣ್ಣಾಗದಿರಲಿ ಎಂದು ಕರವಸ್ತ್ರ ಹಾಸಿ, ಮಂಡಿಯೂರಬೇಕು ಎನ್ನುವಷ್ಟರಲ್ಲಿ ಬಲ್ಲವರೊಬ್ಬರನ್ನು ಕೇಳಿದೆ: ನಿಜ ಹೇಳಿ, ಇದು ಪೂರ್ತಿಯಾಗಿದೆ ತಾನೇ? ಇಲ್ಲ, ಇನ್ನೂ ಸ್ವಲ್ಪ ಬಾಕಿಯಿದೆ ಎಂದರು. ಸರಿ, ಅಡ್ಡಬೀಳುವುದು ಮುಂದಕ್ಕೆ ಹೋಯಿತು.

ಆ ಕರವಸ್ತ್ರಕ್ಕಾಗಿಯೇ ನಾನು ಈ ಲೇಖಕನನ್ನು ಬಿಡಲಾರೆ.

ಇನ್ನೊಂದು. ಹ್ಯಾಂಬರ್ಗಿನ ಹೋಟೆಲ್ ಒಂದರಲ್ಲಿ ತಂಗಿದ್ದಾಗ ಒಮ್ಮೆಗೇ ಹೆಗೆಲ್ ತನಗೆ ಅರ್ಥವಾದ ಬಗೆಯನ್ನು ಹೈಬರ್ಗ್ ಭಾವಪೂರ್ಣವಾಗಿ ಬರೆದುಕೊಂಡಿದ್ದ. ಹಿನ್ನುಡಿಯಲ್ಲಿ ಅದು ‘ಡಾಕ್ಟರ್ ಯೋರ್ಟೆಸ್ಪ್ರಿಂಗ್’ ಎಂಬವನ ಕಥೆಯಾಗುತ್ತದೆ. ಹ್ಯಾಂಬರ್ಗಿನ ಸ್ಟ್ರೈಟ್ ಹೋಟೆಲಿನಲ್ಲಿ ಈಸ್ಟರ್ ಬೆಳಿಗ್ಗೆ ಪವಾಡದಿಂದ ಆತ ಹೆಗೆಲ್‌ನ ಅನುಯಾಯಿಯಾದ, ಮಾಣಿಗಳಿಗೆ ಮಾತ್ರ ಏನೂ ಗಮನಕ್ಕೆ ಬರಲಿಲ್ಲ, ಮತ್ತು ಆ ತತ್ತ್ವವೋ ಪವಾಡಗಳೇ ಇಲ್ಲ ಎನ್ನುವ ತತ್ತ್ವ.

ತಕರಾರಿ

ಉತ್ತರಗಾಳಿಯವರ ಉದಾಹರಣೆಗಳಿಗೆ ನಾನೂ ನಕ್ಕೆ. ಆದರೂ ಕೇಳುತ್ತೇನೆ. ಒಬ್ಬ ಮನುಷ್ಯ ತನ್ನ ಬದುಕಿನ ಮುಖ್ಯ ಗಳಿಗೆಯೊಂದನ್ನು ನಂಬಿಕೆಯಿಂದ ಬರೆದುಕೊಂಡಿದ್ದಾನೆ. ಅದರೊಳಗೆ ಮಾಣಿಗಳನ್ನು ನುಗ್ಗಿಸಿ ನಗಿಸುವುದು ವಾದವೇ? ಹೆಗೆಲ್‌ನ ತರ್ಕಶಾಸ್ತ್ರ ಹೋಟೆಲಿನ ಮಾಣಿಯಿಂದ ಖಂಡಿತವಾಗುವಂಥದ್ದಲ್ಲ. ಕಿರ್ಕೆಗಾರ್ಡ್ ಹೆಗೆಲ್‌ನ ಮೇಲೆ ಯುದ್ಧ ಹೂಡಿದ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಹೊಡೆದದ್ದೆಲ್ಲ ಪಕ್ಕದ ಬೀದಿಯವರಿಗೆ. ಊರಿನ ಜಗಳವನ್ನು ನಾವು ತತ್ತ್ವಶಾಸ್ತ್ರ ಎಂದುಕೊಂಡು ಓದುತ್ತಿದ್ದೇವೆಯೋ ಎಂಬ ಸಂಶಯ ನನ್ನದು.

ಕಾಗದದೋಣಿ

ತಕರಾರಿಯವರೇ, ಪಕ್ಕದ ಬೀದಿಯವರಿಗೆ ಹೊಡೆದ ಎಂಬುದನ್ನು ಒಪ್ಪುತ್ತೇನೆ. ಆದರೆ ಮಾಣಿಯ ಮಾತು ಅಲಂಕಾರಕ್ಕೆ ಬಂದದ್ದಲ್ಲ. ಎಲ್ಲವೂ ತರ್ಕದ ಮೆಟ್ಟಿಲಿನಿಂದಲೇ ಬರುತ್ತದೆ ಎನ್ನುವ ಸಿಸ್ಟಮ್‌ನ ಒಳಗೆ ಹೈಬರ್ಗ್ ಕಾಲಿಟ್ಟದ್ದು ಜಿಗಿದು. ಒಳಗೆ ಹೋಗುವ ಬಾಗಿಲನ್ನೇ ಆ ಸಿಸ್ಟಮ್ ವಿವರಿಸಲಾರದು. ಇದನ್ನು ಹತ್ತು ಪುಟಗಳಲ್ಲಿ ವಾದಿಸಬಹುದು. ಕಂಸದೊಳಗೆ ಒಬ್ಬ ಮಾಣಿಯನ್ನು ನಿಲ್ಲಿಸಿಯೂ ಹೇಳಬಹುದು.

ಕೆಲವು ವರ್ಷಗಳಿಂದ ಅವನ ಬಿಡಿ ತುಣುಕುಗಳನ್ನು ನನ್ನ ಖುಷಿಗೆ ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಲಕ್ಕಿಂತ ಸಲೀಸಾಗಿ ಬಂದದ್ದು ಗುಜರಿ ಅಂಗಡಿಯ ತುಣುಕು. 1843ರ ಫೆಬ್ರುವರಿಯಲ್ಲಿ ಬಂದ ‘ಇದು ಇಲ್ಲವೇ ಅದು’ ಪುಸ್ತಕದ ಮೊದಲ ಭಾಗದಲ್ಲಿದೆ. ವಾಸ್ತವದ ಬಗ್ಗೆ ತತ್ತ್ವಜ್ಞಾನಿಗಳು ಹೇಳುವುದು ಗುಜರಿ ಅಂಗಡಿಯಲ್ಲಿ ಕಾಣುವ ‘ಇಲ್ಲಿ ಇಸ್ತ್ರಿ ಮಾಡಿಕೊಡಲಾಗುವುದು’ ಎಂಬ ಫಲಕದಂತೆ. ಬಟ್ಟೆಗಂಟು ಹೊತ್ತು ಹೋದವನು ಮೋಸ ಹೋಗುತ್ತಾನೆ, ಏಕೆಂದರೆ ಅಲ್ಲಿ ಮಾರಾಟಕ್ಕಿರುವುದು ಫಲಕ. ಮೂಲದಲ್ಲಿರುವುದು ಬಟ್ಟೆಯನ್ನು ಉರುಳೆಗಳಡಿ ಒತ್ತಿ ನಯಮಾಡುವ ಕೆಲಸ. ‘ಇಸ್ತ್ರಿ’ ಎಂದು ಬದಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಗಂಟು ಹೊತ್ತು ನಿಂತವನ ಮುಖ ಕಂಡರೆ ಸಾಕು.

ಅದೇ ಪುಸ್ತಕದ ಇನ್ನೊಂದು ತುಣುಕು ಬಹಳ ಮಂದಿಗೆ ಗೊತ್ತಿರುತ್ತದೆ. ನಾಟಕಶಾಲೆಯ ತೆರೆಯ ಹಿಂದೆ ಬೆಂಕಿ ಬೀಳುತ್ತದೆ. ವಿದೂಷಕ ಹೊರಗೆ ಓಡಿಬಂದು ಪ್ರೇಕ್ಷಕರಿಗೆ ಹೇಳುತ್ತಾನೆ. ಅವರು ಹಾಸ್ಯವೆಂದುಕೊಂಡು ಚಪ್ಪಾಳೆ ತಟ್ಟುತ್ತಾರೆ. ಮತ್ತೆ ಹೇಳುತ್ತಾನೆ, ನಗು ಇನ್ನೂ ಜೋರಾಗುತ್ತದೆ. ಜಗತ್ತು ಮುಗಿಯುವುದೂ ಹೀಗೆಯೇ ಇರಬೇಕು, ಇದೊಂದು ತಮಾಷೆ ಎಂದುಕೊಂಡ ರಸಿಕರ ಕರತಾಡನದ ನಡುವೆ. ಮೊದಲ ಸಲ ಓದಿದಾಗ ನಾನು ನಕ್ಕೆ. ನಕ್ಕ ಮೇಲೆ, ಯಾವ ಕುರ್ಚಿಯಲ್ಲಿ ಕುಳಿತು ನಗುತ್ತಿದ್ದೇನೆ ಎಂಬುದು ಹೊಳೆಯಿತು.

ಅರೆಓದುಗರೇ, ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಇಷ್ಟು. ಗೇಲಿ ಮುಗಿದು ನಿಜ ಶುರುವಾಗುವ ಗೆರೆಯನ್ನು ಅವನು ಪುಟದ ಮೇಲೆ ಎಲ್ಲೂ ಎಳೆದಿಲ್ಲ. ಬಹುಶಃ ಬೇಕೆಂದೇ.

ಮೇಷ್ಟ್ರು ನಿವೃತ್ತ

ಈ ಚರ್ಚೆ ನೋಡಿ ಖುಷಿಯಾಯಿತು. ನಮ್ಮ ವಿದ್ಯಾರ್ಥಿ ದಿನಗಳಲ್ಲಿ, ನವ್ಯದ ಅಬ್ಬರದ ಕಾಲ, ಈತನ ಹೆಸರು ಕಾಮೂ ಮತ್ತು ಸಾರ್ತ್ರರ ಜೊತೆ ಅಸ್ತಿತ್ವವಾದದ ಮೂಲಪುರುಷನೆಂದು ಬರುತ್ತಿತ್ತು. ಆತಂಕ, ಹತಾಶೆ, ಒಂಟಿತನ, ಇಷ್ಟೇ. ಇವನು ನಗಿಸುತ್ತಾನೆ ಎಂದು ನಮಗೆ ಯಾರೂ ಹೇಳಲಿಲ್ಲ. ವಿಚಾರಸಂಕಿರಣಗಳಲ್ಲಿ ಎಲ್ಲರೂ ಮುಖ ಗಂಟಿಕ್ಕಿಕೊಂಡೇ ಅವನ ಹೆಸರು ಹೇಳುತ್ತಿದ್ದರು.

ಅವನ ಪದವಿ ಪ್ರಬಂಧದ ವಿಷಯವೇ ಐರನಿ (ಆಡುವ ಮಾತಿಗೂ ಅದರ ಅರ್ಥಕ್ಕೂ ಅಂತರವಿಡುವ ಬಗೆ) ಎಂಬುದನ್ನು ಇಲ್ಲಿ ನೆನೆಯಬೇಕು. ‘ಸಾಕ್ರಟೀಸನನ್ನು ಸದಾ ಎದುರಿಟ್ಟುಕೊಂಡು ಐರನಿಯ ಪರಿಕಲ್ಪನೆ’, 1841. ಲ್ಯಾಟಿನ್‌ನಲ್ಲಿ ಬರೆಯಬೇಕೆಂಬ ನಿಯಮವಿತ್ತು. ಡ್ಯಾನಿಷ್‌ನಲ್ಲಿ ಬರೆಯಲು ದೊರೆ ಎಂಟನೆಯ ಕ್ರಿಶ್ಚಿಯನ್‌ಗೆ ಅರ್ಜಿ ಹಾಕಿ ಅನುಮತಿ ಪಡೆದ. ಸಮರ್ಥನೆ ಮಾತ್ರ ಲ್ಯಾಟಿನ್‌ನಲ್ಲೇ, ಸೆಪ್ಟೆಂಬರ್ 29ರಂದು, ಏಳೂವರೆ ಗಂಟೆ. ಪ್ರಾಧ್ಯಾಪಕರಿಗೆ ಬುದ್ಧಿ ಕಂಡಿತು, ಶೈಲಿ ರುಚಿಸಲಿಲ್ಲ. ಆ ವರ್ಷ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದವನು ಎಚ್. ಸಿ. ಅರ್ಸ್ಟೆಡ್, ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ತೋರಿಸಿದ ವಿಜ್ಞಾನಿ. ಪ್ರತಿಭೆ ಇದೆ, ಆದರೆ ತಾನು ಸಹಿಸದ ಎರಡು ದೋಷಗಳಾದ ವಾಚಾಳಿತನವೂ ಕೃತಕತೆಯೂ ಇದರಲ್ಲಿವೆ ಎಂದು ಅವನು ಬರೆದ. ಪ್ರಬಂಧದೊಂದಿಗೆ ಲ್ಯಾಟಿನ್‌ನಲ್ಲಿ ಕೊಟ್ಟ 15 ಸೂತ್ರಗಳಲ್ಲಿ ಕೊನೆಯದು ನನಗೆ ಬಾಯಿಪಾಠ: ತತ್ತ್ವಶಾಸ್ತ್ರ ಸಂದೇಹದಿಂದ ಆರಂಭವಾಗುವಂತೆ, ಮನುಷ್ಯನದೆನ್ನಲು ಯೋಗ್ಯವಾದ ಬದುಕು ಐರನಿಯಿಂದ ಆರಂಭವಾಗುತ್ತದೆ.

ಇನ್ನು ಈ ಪದಕ್ಕೆ ಕನ್ನಡ. ‘ವ್ಯಂಗ್ಯ’ ಎಂದು ಬಳಸುತ್ತೇವೆ. ಅಲಂಕಾರಶಾಸ್ತ್ರದಲ್ಲಿ ವ್ಯಂಗ್ಯ ಎಂದರೆ ಧ್ವನಿಯಿಂದ ಹೊಳೆಯುವ ಅರ್ಥ, ಅದರಲ್ಲಿ ಕುಟುಕು ಇರಲೇಬೇಕೆಂದಿಲ್ಲ. ‘ವಿಡಂಬನೆ’ಯ ಮೂಲದಲ್ಲಿ ಅನುಕರಣೆ ಇದೆ. ‘ವ್ಯಾಜಸ್ತುತಿ’ ಹತ್ತಿರ ಬರುತ್ತದೆ, ಹೊಗಳಿಕೆಯ ನೆಪದಲ್ಲಿ ತೆಗಳಿಕೆ ಅಥವಾ ಅದರ ತಿರುವುಮುರುವು. ದಾಸರ ನಿಂದಾಸ್ತುತಿಯೂ ಈ ಬಳಗದ್ದೇ. ಆದರೆ ದಾಸರು ಹರಿಯನ್ನು ಬೈಯುವಾಗ ಕೇಳುವವನಿಗೆ ಒಳಗಿನ ಭಕ್ತಿ ಗೊತ್ತು, ಹರಿಗೂ ಗೊತ್ತು. ಕಿರ್ಕೆಗಾರ್ಡ್ ಕಂಡ ಸಾಕ್ರಟೀಸನ ಐರನಿಯಲ್ಲಿ ಅಂಥ ಭರವಸೆ ಇಲ್ಲ. ‘ನನಗೇನೂ ಗೊತ್ತಿಲ್ಲ’ ಎನ್ನುವವನ ಹಿಂದೆ ಬಚ್ಚಿಟ್ಟ ಉತ್ತರವೂ ಇಲ್ಲ. ಮುಖವಾಡ ತೆಗೆದರೆ ಕೆಳಗೆ ಮುಖ ಸಿಗುತ್ತದೆ ಎಂಬುದು ನಮ್ಮ ಅಲಂಕಾರಗಳ ನಂಬಿಕೆ.

ಕಾಗದದೋಣಿ

ಮೇಷ್ಟ್ರೇ, ನಮಸ್ಕಾರ. ‘ವಿಡಂಬನೆ’ಯ ಅನುಕರಣೆಯ ಅರ್ಥವೇ ನನಗೆ ಬೇಕಾಗಿದ್ದದ್ದು. ಹಿನ್ನುಡಿಯ ಪೂರ್ತಿ ಹೆಸರು ನೋಡಿ: ‘ತತ್ತ್ವದ ಚೂರುಗಳಿಗೆ ಅಶಾಸ್ತ್ರೀಯ ಸಮಾರೋಪ ಹಿನ್ನುಡಿ’. 1844ರಲ್ಲಿ ಬಂದ ‘ತತ್ತ್ವದ ಚೂರುಗಳು’ ತೆಳ್ಳನೆಯ ಪುಸ್ತಕ. ಮೂಲದ ಪದಕ್ಕೆ ರೊಟ್ಟಿಯಿಂದ ಉದುರಿದ ಪುಡಿ ಎಂದರ್ಥ. ಆ ಪುಡಿಗೆ ಬರೆದ ಹಿನ್ನುಡಿ ಅದಕ್ಕಿಂತ ಹಲವು ಪಟ್ಟು ದೊಡ್ಡದು. ವಿಭಾಗ, ಅಧ್ಯಾಯ, ಪ್ರಕರಣ, ಉಪಪ್ರಕರಣ ಎಲ್ಲವೂ ಪಾಂಡಿತ್ಯದ ಗ್ರಂಥದ ಹಾಗೆಯೇ. ಕೊನೆಯಲ್ಲಿ ಲೇಖಕ ಯೋಹಾನೆಸ್ ಕ್ಲೈಮಾಕಸ್ ತಾನು ಬರೆದದ್ದನ್ನೆಲ್ಲ ಹಿಂದಕ್ಕೆ ಪಡೆಯುತ್ತೇನೆ ಎನ್ನುತ್ತಾನೆ.

ಈ ಕ್ಲೈಮಾಕಸ್ ಲೇಖಕನಾದ ಬಗೆಯೂ ಚೆಂದ. ಭಾನುವಾರ ಮಧ್ಯಾಹ್ನ ಫ್ರೆಡರಿಕ್ಸ್‌ಬರ್ಗ್ ಉದ್ಯಾನದಲ್ಲಿ ಚುಟ್ಟಾ ಸೇದುತ್ತ ಕುಳಿತಿದ್ದಾನೆ. ವಯಸ್ಸಾಗುತ್ತಿದೆ, ಏನೂ ಆಗಲಿಲ್ಲ. ಉಳಿದವರೆಲ್ಲ ಲೋಕಕ್ಕೆ ಉಪಕಾರ ಮಾಡುತ್ತಿದ್ದಾರೆ. ಒಬ್ಬ ರೈಲು, ಇನ್ನೊಬ್ಬ ಹಡಗು, ಮತ್ತೊಬ್ಬ ತಂತಿ, ಮಗದೊಬ್ಬ ಎಲ್ಲ ಜ್ಞಾನದ ಸಂಗ್ರಹ. ಎಲ್ಲರೂ ಬದುಕನ್ನು ಸುಲಭ ಮಾಡುತ್ತಿದ್ದಾರೆ. ಆಗ ಹೊಳೆಯುತ್ತದೆ: ನನ್ನ ಪಾಲಿಗೆ ಉಳಿದಿರುವುದು ಕಷ್ಟವನ್ನು ಸೃಷ್ಟಿಸುವ ಕೆಲಸ. ಇನ್ನೊಂದು ಚುಟ್ಟಾ ಹಚ್ಚುತ್ತಾನೆ.

ಅದರಲ್ಲೇ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡವನ ಕಥೆಯೂ ಇದೆ. ಊರಿಗೆ ಹೋದರೆ ಜನ ಗುರುತು ಹಿಡಿದು ವಾಪಸು ಕಳಿಸುತ್ತಾರೆ, ಆದ್ದರಿಂದ ಯಾರೂ ಅಲ್ಲಗಳೆಯಲಾಗದ ಸತ್ಯವನ್ನೇ ಮಾತನಾಡಬೇಕು ಎಂದುಕೊಳ್ಳುತ್ತಾನೆ. ದಾರಿಯಲ್ಲಿ ಆಟದ ಚೆಂಡೊಂದು ಬಿದ್ದಿರುತ್ತದೆ. ಎತ್ತಿ ಕೋಟಿನ ಹಿಂದಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಹೆಜ್ಜೆ ಹಾಕಿದಾಗಲೆಲ್ಲ ಅದು ಕುಂಡೆಗೆ ಬಡಿಯುತ್ತದೆ, ಬಡಿದಾಗಲೆಲ್ಲ ‘ಧಡ್! ಭೂಮಿ ದುಂಡಗಿದೆ’ ಎನ್ನುತ್ತಾನೆ. ಗೆಳೆಯನೊಬ್ಬನ ಮನೆಗೆ ಹೋಗಿ, ಅವನ ಕೋಣೆಯಲ್ಲಿ ಶತಪಥ ಹಾಕುತ್ತ ಅದೇ ಮಾತು. ಭೂಮಿ ದುಂಡಗಿರುವುದು ಸುಳ್ಳೇ? ಅಲ್ಲ. ಅವನ ಹುಚ್ಚು ಬಿಟ್ಟಿತೇ? ಅದೂ ಇಲ್ಲ. ವಸ್ತುನಿಷ್ಠ ಸತ್ಯವನ್ನೇ ಜಪಿಸುವವರ ಬಗ್ಗೆ ಇದಕ್ಕಿಂತ ಚಿಕ್ಕ ಟೀಕೆಯನ್ನು ನಾನು ಓದಿಲ್ಲ.

ಬಸ್‌ಸ್ಟಾಂಡ್ ವಾಚಕ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೇರೆ ಬೇರೆ ಹೆಸರಿನಲ್ಲಿ ಬರೆಯುವುದರಲ್ಲಿ ಏನು ವಿಶೇಷ? ನಮ್ಮಲ್ಲಿ ಕಾವ್ಯನಾಮ ಇಲ್ಲದ ಕವಿಯೇ ಕಡಿಮೆ.

ಕಾಗದದೋಣಿ

ಕಾವ್ಯನಾಮ ಬದಲಾದರೂ ಒಳಗಿನ ಮನುಷ್ಯ ಅದೇ. ಇವನ ಹೆಸರುಗಳು ಒಂದಕ್ಕೊಂದು ಜಗಳವಾಡುತ್ತವೆ. ‘ಇದು ಇಲ್ಲವೇ ಅದು’ ಪುಸ್ತಕದ ಸಂಪಾದಕ ವಿಕ್ಟರ್ ಎರೆಮಿಟಾ ಎಂಬವನು. ಹಳೆಯ ಮೇಜೊಂದನ್ನು ಆಸೆಪಟ್ಟು ಕೊಂಡಿದ್ದ. ಪ್ರಯಾಣದ ಬೆಳಿಗ್ಗೆ ದುಡ್ಡಿನ ಸೆಳೆಖಾನೆ ತೆರೆಯುವುದಿಲ್ಲ, ಕೊಡಲಿಯಿಂದ ಹೊಡೆಯುತ್ತಾನೆ. ಅದು ತೆರೆಯುವುದಿಲ್ಲ, ಗುಟ್ಟಿನ ಬಾಗಿಲೊಂದು ತೆರೆದು ಕಾಗದದ ಕಟ್ಟುಗಳು ಸಿಗುತ್ತವೆ. ಬರೆದವರು ಇಬ್ಬರು, ಸುಖಜೀವಿ ‘ಎ’ ಮತ್ತು ಮದುವೆಯಾದ ನ್ಯಾಯಾಧೀಶ ‘ಬಿ’. ‘ಎ’ಯ ಕಾಗದಗಳಲ್ಲಿ ಮೋಹಕನೊಬ್ಬನ ದಿನಚರಿ ಇದೆ, ಅದು ತನ್ನದಲ್ಲ ಎನ್ನುತ್ತಾನೆ ‘ಎ’. ಡಬ್ಬಿಯೊಳಗೆ ಡಬ್ಬಿ. ಯಾರ ಮಾತು ಸರಿ ಎಂದು ಕೊನೆಯವರೆಗೂ ಯಾರೂ ಹೇಳುವುದಿಲ್ಲ.

ಆ ಪುಸ್ತಕ ಬಂದಾಗ ಹೈಬರ್ಗ್ ತನ್ನ ಪತ್ರಿಕೆಯಲ್ಲಿ ಅದನ್ನು ಗಾತ್ರದಲ್ಲಿ ರಾಕ್ಷಸ ಎಂದು ಕರೆದ. ಓದಲು ಕೊಟ್ಟು ಗಳಿಸುವಷ್ಟನ್ನೇ ಪ್ರದರ್ಶನಕ್ಕಿಟ್ಟೂ ಗಳಿಸಬಹುದು ಎಂದ. ಅದಕ್ಕೆ ‘ಎರೆಮಿಟಾ’ 1843ರ ಮಾರ್ಚ್ 5ರ ‘ಫೇಡ್ರೆಲಾಂಡೆಟ್’ ಪತ್ರಿಕೆಯಲ್ಲಿ ಹೈಬರ್ಗ್‌ಗೆ ಧನ್ಯವಾದ ಸಮರ್ಪಿಸಿದ. ಧನ್ಯವಾದದ ಒಂದೊಂದು ಸಾಲೂ ಚಿವುಟುತ್ತದೆ. ಮೇಷ್ಟ್ರು ಹೇಳಿದ ವ್ಯಾಜಸ್ತುತಿಗೆ ಇದನ್ನೇ ಉದಾಹರಣೆ ಕೊಡಬಹುದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1844ರ ಜೂನ್ 17ರಂದು ಬಂದ ‘ಮುನ್ನುಡಿಗಳು’. ಬರೆದವನು ನಿಕೊಲಾಸ್ ನೋಟಬೆನೆ. ಹೆಂಡತಿಗೆ ಅವನು ಲೇಖಕನಾಗುವುದು ಬೇಡ. ಮದುವೆಯಾದವನು ಲೇಖಕನಾಗುವುದು ದಿನವೂ ಸಂಜೆ ಕ್ಲಬ್ಬಿಗೆ ಹೋಗುವುದಕ್ಕಿಂತ ಕೆಟ್ಟದ್ದು ಎಂಬುದು ಆಕೆಯ ವಾದ. ಕ್ಲಬ್ಬಿಗೆ ಹೋಗುವವನು ತಪ್ಪೆಂದಾದರೂ ಒಪ್ಪುತ್ತಾನೆ, ಲೇಖಕನ ದ್ರೋಹಕ್ಕೆ ಗೌರವ ಬೇರೆ. ಕೊನೆಗೆ ರಾಜಿ: ಪುಸ್ತಕ ಬೇಡ, ಮುನ್ನುಡಿ ಬರೆಯಬಹುದು. ಹಾಗಾಗಿ ಇದು ಬರೀ ಮುನ್ನುಡಿಗಳ ಪುಸ್ತಕ. ಅದರಲ್ಲಿ ಹೈಬರ್ಗ್ ಹೊಸ ವರ್ಷದ ಉಡುಗೊರೆಯೆಂದು ತಂದ ಅಂದದ ಪುಸ್ತಕಕ್ಕೂ ಪಾಲಿದೆ. ಸ್ವಾರಸ್ಯವೆಂದರೆ, ‘ಆತಂಕದ ಪರಿಕಲ್ಪನೆ’ ಹೊರಬಂದದ್ದೂ ಅದೇ ದಿನ. ಒಂದೇ ಬೆಳಿಗ್ಗೆ, ಒಂದೇ ಕೈಯಿಂದ.

ತಕರಾರಿ

ಸೊಗಸಾಗಿದೆ, ಒಪ್ಪಿದೆ. ಆದರೆ ಮುಖವಾಡದ ಆಟವನ್ನು ಪುಸ್ತಕದ ಹೊರಗೂ ಆಡಿದವನ ಬಗ್ಗೆ ನನಗೆ ಅಷ್ಟು ಮೆಚ್ಚುಗೆ ಬರುವುದಿಲ್ಲ. ಐರನಿಯ ಪ್ರಬಂಧ ಸಮರ್ಥಿಸಿ ಎರಡು ವಾರದೊಳಗೆ ರೆಗೀನೆ ಓಲ್ಸೆನ್ ಜೊತೆಗಿನ ನಿಶ್ಚಿತಾರ್ಥವನ್ನು ಕಡೆಯದಾಗಿ ಮುರಿದ. ಆಕೆ ತನ್ನನ್ನು ಸುಲಭವಾಗಿ ಮರೆಯಲಿ ಎಂದು ಕಟುಕನ ವೇಷ ಹಾಕಿದನಂತೆ. ಆಕೆಗೆ ಆ ವೇಷದ ಉಪಯೋಗ ಏನಾಯಿತು? ‘ಇದು ಇಲ್ಲವೇ ಅದು’ ಅಚ್ಚಿಗೆ ಹೋಗುತ್ತಿದ್ದಾಗ ದಿನವೂ ಐದು ಹತ್ತು ನಿಮಿಷ ನಾಟಕಶಾಲೆಯಲ್ಲಿ ಮುಖ ತೋರಿಸಿ ಬರುತ್ತಿದ್ದ, ಊರಿನವರು ತನ್ನನ್ನು ಸೋಮಾರಿ ಎಂದುಕೊಳ್ಳಲಿ ಎಂದು. ಇದನ್ನು ತಾನೇ ಬರೆದುಕೊಂಡಿದ್ದಾನೆ. ಬದುಕಿಡೀ ರಂಗಸಜ್ಜಿಕೆ.

ಉತ್ತರಗಾಳಿ

ರಂಗಸಜ್ಜಿಕೆಯ ಮೇಲೆ ಊರೇ ಹತ್ತಿದ ಕಥೆಯೂ ಇದೆ. ‘ಕೊರ್ಸಾರೆನ್’ ಎಂಬ ವಿಡಂಬನೆಯ ವಾರಪತ್ರಿಕೆ, 1840ರಲ್ಲಿ ಮೇರ್ ಗೋಲ್ಡ್‌ಸ್ಮಿತ್ ಎಂಬ ಯುವಕ ಶುರುಮಾಡಿದ್ದು. ದೊಡ್ಡವರನ್ನೆಲ್ಲ ಹುರಿದು ತಿನ್ನುತ್ತಿತ್ತು, ಕಿರ್ಕೆಗಾರ್ಡ್‌ನನ್ನು ಮಾತ್ರ ಹೊಗಳುತ್ತಿತ್ತು. 1845ರ ಡಿಸೆಂಬರ್‌ನಲ್ಲಿ ಪಿ. ಎಲ್. ಮೊಲ್ಲರ್ ಎಂಬ ವಿಮರ್ಶಕ ಕಿರ್ಕೆಗಾರ್ಡ್‌ನ ಪುಸ್ತಕವೊಂದನ್ನು ಬೇರೆ ಕಡೆ ಟೀಕಿಸಿದ. ಉತ್ತರದಲ್ಲಿ ಕಿರ್ಕೆಗಾರ್ಡ್, ಮೊಲ್ಲರ್‌ಗೂ ಕೊರ್ಸಾರೆನ್‌ಗೂ ಇರುವ ಒಳನಂಟನ್ನು ಬಯಲು ಮಾಡಿ, ಅದರಲ್ಲಿ ಬೈಗುಳ ತಿನ್ನದ ಡೆನ್ಮಾರ್ಕಿನ ಒಬ್ಬನೇ ಲೇಖಕ ತಾನು, ತನ್ನ ಸರದಿ ಯಾವಾಗ ಎಂದು ಕೇಳಿದ.

ಸರದಿ ಜನವರಿ 2ಕ್ಕೇ ಬಂತು. ಪೀಟರ್ ಕ್ಲೆಸ್ಟ್ರುಪ್ ಚಿತ್ರ ಬರೆದ. ಬೆನ್ನು ಬಾಗಿದ, ಕಾಲು ಸಣ್ಣಗಿನ ಮನುಷ್ಯ, ಪ್ಯಾಂಟಿನ ಒಂದು ಕಾಲು ಗಿಡ್ಡ ಒಂದು ಉದ್ದ. ಒಂದು ಚಿತ್ರದಲ್ಲಿ ಹುಡುಗಿಯ ಹೆಗಲ ಮೇಲೆ ಸವಾರಿ. ಇನ್ನೊಂದರಲ್ಲಿ ಸೂರ್ಯ ಚಂದ್ರ ನಕ್ಷತ್ರಗಳ ನಡುವೆ ನಿಂತಿದ್ದಾನೆ, ಜಗತ್ತೇ ಅವನ ಸುತ್ತ ತಿರುಗುತ್ತಿದೆ. ದಿನವೂ ಬೀದಿಯಲ್ಲಿ ಅಡ್ಡಾಡಿ, ಕಂಡವರ ತೋಳು ಹಿಡಿದು ಹರಟುತ್ತಿದ್ದವನಿಗೆ ಆ ಬೀದಿಗಳೇ ಮುಚ್ಚಿಹೋದವು. ಹುಡುಗರು ಅವನ ಮುಖ ಬಿಟ್ಟು ಪ್ಯಾಂಟು ನೋಡತೊಡಗಿದರು. ಮುಂದೆ ಅವನ ಬಗ್ಗೆ ಪುಸ್ತಕವನ್ನೇ ಬರೆದ ಗೆಯಾರ್ಗ್ ಬ್ರಾಂಡೆಸ್ ನೆನೆದಿದ್ದಾನೆ: ಚಿಕ್ಕವನಾಗಿದ್ದಾಗ ಪ್ಯಾಂಟು ಬೂಟಿನ ಮೇಲೆ ಸರಿಯಾಗಿ ಇಳಿಯದಿದ್ದರೆ ದಾದಿ ಬೆರಳು ತೋರಿಸಿ ‘ಸೊರೆನ್ ಕಿರ್ಕೆಗಾರ್ಡ್’ ಎನ್ನುತ್ತಿದ್ದಳಂತೆ.

ಗೋಲ್ಡ್‌ಸ್ಮಿತ್ ಅವನ ಅಭಿಮಾನಿಯಾಗಿದ್ದ. ಒಮ್ಮೆ ಬೀದಿಯಲ್ಲಿ ಎದುರಾದಾಗ ಕಿರ್ಕೆಗಾರ್ಡ್ ಮಾತನಾಡದೆ ಕಹಿಯಾಗಿ ನೋಡಿ ಹೋದ, ಆ ನೋಟವೇ ತನ್ನನ್ನು ಪತ್ರಿಕೆ ಬಿಡುವಂತೆ ಮಾಡಿತು ಎಂದು ಮುಂದೆ ಬರೆದ. 1846ರ ಅಕ್ಟೋಬರ್‌ನಲ್ಲಿ ಮಾರಿಬಿಟ್ಟ. ಪ್ರಾಧ್ಯಾಪಕ ಹುದ್ದೆಯ ಆಸೆಯಲ್ಲಿದ್ದ ಮೊಲ್ಲರ್ ಕೊನೆಗೆ ದೇಶವನ್ನೇ ಬಿಟ್ಟ.

ತಕರಾರಿ

ಇದನ್ನೇ ನಾನು ಹೇಳುತ್ತಿದ್ದದ್ದು. ಹೈಬರ್ಗ್‌ನ ಈಸ್ಟರ್ ಬೆಳಗ್ಗೆಗೆ ಮಾಣಿಗಳನ್ನು ಕರೆತಂದವನಿಗೆ ತನ್ನ ಪ್ಯಾಂಟಿನ ಅಳತೆ ತಡೆದುಕೊಳ್ಳಲಾಗಲಿಲ್ಲ.

ಮೇಷ್ಟ್ರು ನಿವೃತ್ತ

ತಕರಾರಿಯವರ ಮಾತಿನಲ್ಲಿ ಮೊನೆ ಇದೆ. ಆದರೂ ಎರಡರ ಅಳತೆ ಬೇರೆ. ಮಾಣಿಯ ಮಾತು ಒಂದು ವಿಚಾರಕ್ಕೆ ತಗಲುತ್ತದೆ, ಪ್ಯಾಂಟಿನ ಮಾತಿಗೆ ವಿಚಾರದ ಹಂಗಿಲ್ಲ. ಗುಂಪಿನ ನಗುವಿಗೆ ಹೊಣೆಗಾರರೇ ಇರುವುದಿಲ್ಲ ಎಂಬುದು ಅವನಿಗೆ ಮೈಮೇಲೆ ಬಿದ್ದು ತಿಳಿಯಿತು. ಅದೇ ವರ್ಷ ಬರೆದ ‘ಎರಡು ಯುಗಗಳು’ ವಿಮರ್ಶೆಯಲ್ಲಿ ‘ಸಾರ್ವಜನಿಕರು’ ಎಂಬ ಮುಖವಿಲ್ಲದ ಪ್ರಾಣಿಯನ್ನು ಹಿಡಿದು ನಿಲ್ಲಿಸಿದ. ಅದರ ಮನರಂಜನೆಗೆ ಒಂದು ನಾಯಿ ಸಾಕಿಕೊಂಡಿರುತ್ತದೆ, ಪತ್ರಿಕೆ. ನಾಯಿ ಕಚ್ಚಿದರೆ ‘ನಮ್ಮದಲ್ಲ’ ಎನ್ನುತ್ತದೆ.

ನನಗೆ ಕಾಡುವ ಪ್ರಶ್ನೆ ಕೊನೆಯ ವರ್ಷದ್ದು. 1854ರ ಜನವರಿಯಲ್ಲಿ ಬಿಷಪ್ ಮಿನ್‌ಸ್ಟರ್ ತೀರಿಕೊಂಡ. ಕಿರ್ಕೆಗಾರ್ಡ್‌ನ ತಂದೆಗೆ ಗುರುವಿನಂತಿದ್ದವನು. ಮಾರ್ಟೆನ್ಸೆನ್ ಶ್ರದ್ಧಾಂಜಲಿಯಲ್ಲಿ ಆತನನ್ನು ‘ಸತ್ಯದ ಸಾಕ್ಷಿ’ ಎಂದು ಕರೆದ. ಏಸುವಿಗಾಗಿ ಕಲ್ಲೇಟು ತಿಂದು ಸತ್ತವರಿಗೆ ಸಲ್ಲುವ ಬಿರುದು ಸಂಬಳ, ಪದಕ, ಅರಮನೆಯ ಔತಣ ಕಂಡವನಿಗೆ! ಕಿರ್ಕೆಗಾರ್ಡ್ ಸುಮ್ಮನಿದ್ದು, ಡಿಸೆಂಬರ್ 18ಕ್ಕೆ ಸಿಡಿದ. 1855ರ ಮೇ 24ರಿಂದ ‘ಕ್ಷಣ’ ಎಂಬ ಕಿರುಪತ್ರಿಕೆಯನ್ನು ತಾನೇ ತಂದ. ಒಂಬತ್ತು ಸಂಚಿಕೆ, ಎಲ್ಲ ಸ್ವಂತ ಹೆಸರಿನಲ್ಲಿ. ಮುಖವಾಡಗಳನ್ನೆಲ್ಲ ಕಳಚಿಟ್ಟ ಮೇಲೆ ಉಳಿದದ್ದು ಐರನಿಯೇ, ಬರೀ ಬೈಗುಳವೇ?

ಕಾಗದದೋಣಿ

ಮೇಷ್ಟ್ರೇ, ‘ಕ್ಷಣ’ದ ಏಳನೆಯ ಸಂಚಿಕೆಯಲ್ಲಿರುವ ಲುಡ್ವಿಗ್ ಫ್ರೋಮ್‌ನ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರ ಶ್ಲೇಷೆ ಕನ್ನಡಕ್ಕೆ ಬಿಟ್ಟಿಯಾಗಿ ಬರುತ್ತದೆ. ಡ್ಯಾನಿಷ್‌ನಲ್ಲಿ ‘ಹುಡುಕು’ ಎಂಬ ಕ್ರಿಯಾಪದವೇ ಹುದ್ದೆಗೆ ಅರ್ಜಿ ಹಾಕುವುದಕ್ಕೂ. ನಮ್ಮಲ್ಲೂ ಕೆಲಸ ಹುಡುಕುತ್ತೇವೆ, ದೇವರನ್ನೂ ಹುಡುಕುತ್ತೇವೆ.

ಫ್ರೋಮ್ ದೇವತಾಶಾಸ್ತ್ರದ ಪದವೀಧರ. ಅವನು ಹುಡುಕುತ್ತಿದ್ದಾನೆ. ಏನನ್ನು? ‘ಮೊದಲು ದೇವರ ರಾಜ್ಯವನ್ನು ಹುಡುಕಿ’ ಎಂದಿದೆಯಲ್ಲ, ಅದನ್ನೇ ಇರಬೇಕು. ಅಲ್ಲ, ಪಾದ್ರಿಯ ಸರಕಾರಿ ಹುದ್ದೆಯನ್ನು. ಅದಕ್ಕೆ ಮೊದಲು ಶಾಲೆ ಮುಗಿಸಬೇಕು. ಮೊದಲು ಒಂದು ಪರೀಕ್ಷೆ, ಮೊದಲು ಇನ್ನೊಂದು ಪರೀಕ್ಷೆ. ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಾಟ. ನಡುವೆ ನಿಶ್ಚಿತಾರ್ಥ. ಕೊನೆಗೆ ಹುದ್ದೆ ಸಿಗುತ್ತದೆ, ನೋಡಿದರೆ ವರಮಾನ ಅಂದುಕೊಂಡದ್ದಕ್ಕಿಂತ 150 ರಿಕ್ಸ್‌ಡಾಲರ್ ಕಡಿಮೆ! ಬಿಟ್ಟೇಬಿಡುತ್ತೇನೆ ಎನ್ನುತ್ತಾನೆ, ಪರಿಚಿತರೊಬ್ಬರು ಸಮಾಧಾನ ಮಾಡುತ್ತಾರೆ. ಪಾದ್ರಿಯಾಗಿ ಮೊದಲ ಪ್ರವಚನ ‘ಮೊದಲು ದೇವರ ರಾಜ್ಯ’ ಎಂಬ ವಚನದ ಮೇಲೆಯೇ. ಕೇಳಲು ಬಂದಿದ್ದ ಬಿಷಪ್‌ಗೆ ಬಹಳ ಮೆಚ್ಚುಗೆ, ಅದರಲ್ಲೂ ಆ ‘ಮೊದಲು’ ಎಂಬುದಕ್ಕೆ ಒತ್ತು ಕೊಟ್ಟ ರೀತಿಗೆ.

ಅನುವಾದ ಮಾಡುವಾಗ ‘ಮೊದಲು’ಗಳನ್ನು ಎಣಿಸಿಕೊಂಡು ಒಂದೂ ಬಿಡದೆ ಇಟ್ಟೆ. ಬಿಷಪ್‌ನ ಮೆಚ್ಚುಗೆ ಬರುವ ಹೊತ್ತಿಗೆ ಆ ಪದ ಸವೆದು ತೂತಾಗಿರಬೇಕು.

ತಕರಾರಿ

ಫ್ರೋಮ್‌ನ ಕಥೆಗೆ ತಲೆಬಾಗುತ್ತೇನೆ. ಆದರೆ ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ: ಇದು ಐರನಿ ಅಲ್ಲ, ವಿಡಂಬನೆ. ಐರನಿಯಲ್ಲಿ ಬರೆದವನು ಎಲ್ಲಿದ್ದಾನೆ ಎಂದು ಹುಡುಕಬೇಕು. ಇಲ್ಲಿ ಅವನು ಬೀದಿಯ ನಡುವೆ ನಿಂತಿದ್ದಾನೆ, ಕೈಯಲ್ಲಿ ಕಲ್ಲಿದೆ, ಹಣೆಯ ಮೇಲೆ ಹೆಸರಿದೆ. ಮತ್ತೆ, ನಾನು ಹೇಳುತ್ತಿದ್ದೇನೆಂದು ಆಶ್ಚರ್ಯ ಬೇಡ, ಇಲ್ಲಿಯೇ ಅವನ ಮೇಲೆ ನನಗೆ ನಂಬಿಕೆ ಹುಟ್ಟಿದ್ದು.

ಉತ್ತರಗಾಳಿ

ಅಕ್ಟೋಬರ್ 2ರಂದು ಬೀದಿಯಲ್ಲೇ ಕುಸಿದುಬಿದ್ದ. ತಂದೆಯಿಂದ ಬಂದ ಹಣ ಬಹುಮಟ್ಟಿಗೆ ಮುಗಿದಿತ್ತು, ಹತ್ತನೆಯ ಸಂಚಿಕೆ ಮನೆಯಲ್ಲಿ ಸಿದ್ಧವಾಗಿ ಕುಳಿತಿತ್ತು. ಆಸ್ಪತ್ರೆಯಲ್ಲಿ ಸಾಮಾನ್ಯ ಭಕ್ತನ ಕೈಯಿಂದಾದರೆ ಪ್ರಸಾದ ತೆಗೆದುಕೊಳ್ಳುತ್ತೇನೆ, ಸರಕಾರಿ ಪಾದ್ರಿಯಿಂದ ಬೇಡ ಎಂದ. ನವೆಂಬರ್ 11ಕ್ಕೆ ತೀರಿಕೊಂಡ, 42 ವರ್ಷ. ಅಂತ್ಯವಿಧಿ ನಡೆದದ್ದು ಊರಿನ ಮುಖ್ಯ ಚರ್ಚಿನಲ್ಲೇ, ಮಾತನಾಡಿದವನು ಪಾದ್ರಿಯಾಗಿದ್ದ ಅಣ್ಣನೇ. ಗುಂಡಿಯ ಬಳಿ ಸೋದರಳಿಯ ಹೆನ್ರಿಕ್ ಲುಂಡ್ ‘ಕ್ಷಣ’ದ ಪ್ರತಿ ಹಿಡಿದು ಓದಿ, ತನ್ನ ವಿರುದ್ಧ ಹೋರಾಡಿದವನನ್ನು ಚರ್ಚು ಹೀಗೆ ಸ್ವಂತ ಮಾಡಿಕೊಳ್ಳುವುದು ಯಾವ ನ್ಯಾಯ ಎಂದು ಕೂಗಿದ. ಅವನಿಗೆ 100 ರಿಕ್ಸ್‌ಡಾಲರ್ ದಂಡ ಬಿತ್ತು.

ಸಮಾಧಿ ಇರುವುದು ಆಸಿಸ್ಟೆನ್ಸ್ ಸ್ಮಶಾನದಲ್ಲಿ. ಬೇಸಗೆಯಲ್ಲಿ ಜನ ಅಲ್ಲಿ ಹುಲ್ಲಿನ ಮೇಲೆ ಚಾದರ ಹಾಸಿ ಬಿಸಿಲು ಕಾಯುತ್ತಾರೆ. ಮೊದಲ ಸಲ ಹೋದಾಗ ದಾರಿ ಕೇಳಿದೆ. ‘ಕಿರ್ಕೆಗಾರ್ಡ್ ಎಲ್ಲಿ?’ ಎಂದರೆ ಆ ಮುದುಕ ಸುತ್ತಲೂ ಕೈ ತೋರಿಸಿದ. ಅವರ ಭಾಷೆಯಲ್ಲಿ ನಾನು ಕೇಳಿದ್ದು ‘ಸ್ಮಶಾನ ಎಲ್ಲಿ?’ ಎಂದು.

ಅರೆಓದುಗ

ಎಲ್ಲರಿಗೂ ಋಣಿ. ನಿಮ್ಮ ಮಾತುಗಳನ್ನು ಪಕ್ಕದಲ್ಲಿಟ್ಟುಕೊಂಡು ಮುನ್ನುಡಿ ದಾಟಿದೆ. ಅಬ್ರಹಾಮನ ಪ್ರಯಾಣವನ್ನು ನಾಲ್ಕು ಬಗೆಯಲ್ಲಿ ಹೇಳುವ ಪುಟಗಳಲ್ಲಿ ನಗು ಸುಳಿಯಲಿಲ್ಲ. ಸರಿ, ಗೇಲಿ ಮುಗಿಯಿತು ಎಂದುಕೊಂಡೆ.

ಆಮೇಲೆ ಈ ಜಾಗ ಸಿಕ್ಕಿತು. ಭಾನುವಾರ ಪಾದ್ರಿ ಅಬ್ರಹಾಮನ ಹಿರಿಮೆಯ ಬಗ್ಗೆ ಪ್ರವಚನ ಕೊಡುತ್ತಾನೆ. ಕೇಳಿದವನೊಬ್ಬನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಮನೆಗೆ ಹೋಗಿ ಅಬ್ರಹಾಮ ಮಾಡಿದ್ದನ್ನೇ ಮಾಡಲು ಹೊರಡುತ್ತಾನೆ, ಮಗನೆಂದರೆ ಅವನಿಗೂ ಎಲ್ಲಕ್ಕಿಂತ ಪ್ರಿಯ ತಾನೇ. ಸುದ್ದಿ ತಿಳಿದ ಪಾದ್ರಿ ಓಡಿಬಂದು ಗುಡುಗುತ್ತಾನೆ: ನೀಚ, ಮಗನನ್ನು ಕೊಲ್ಲುವಂತೆ ನಿನಗೆ ಯಾವ ದೆವ್ವ ಹಿಡಿದಿದೆ? ಪ್ರವಚನದ ದಿನ ಬೆವರ ಹನಿಯೂ ಮೂಡದಿದ್ದ ತನಗೆ ಇಷ್ಟು ಆವೇಶ ಎಲ್ಲಿಂದ ಬಂತೆಂದು ಅವನಿಗೇ ಅಚ್ಚರಿ. ನಾನೊಬ್ಬ ವಾಗ್ಮಿ, ಸಂದರ್ಭ ಸಿಕ್ಕಿರಲಿಲ್ಲ ಅಷ್ಟೇ ಎಂದು ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಾನೆ.

ಇಲ್ಲಿ ನಕ್ಕೆ. ಮುಂದಿನ ಸಾಲಿನಲ್ಲಿ ಆ ಮನುಷ್ಯನ ಉತ್ತರವಿದೆ. ಅವನು ಪಾದ್ರಿಗೆ ಹೇಳುವುದು ಇಷ್ಟೇ: ಭಾನುವಾರ ನೀವು ಹೇಳಿದ್ದು ಇದನ್ನೇ ಅಲ್ಲವೇ?

ಮೂರು ದಿನದಿಂದ ಪುಸ್ತಕ ಅದೇ ಪುಟದಲ್ಲಿ ತೆರೆದಿದೆ.